ಮನ್ರೋ ಮನ್ರೋಲಪ್ಪನಾದ ಬಗೆ

ದೊಡ್ಡಬಳ್ಳಾಪುರದ ಸುತ್ತಿನ ಯಾವುದಾದರೊಂದು ಹಳೆಯ ಶಾಲೆಯ ಹಾಜರಿ ಪುಸ್ತಕವನ್ನು ತೆರೆದರೆ ನಾಗರಾಜ, ಸುಬ್ರಹ್ಮಣ್ಯ, ನಾಗರತ್ನ ಎಂಬ ಹೆಸರುಗಳು ಮತ್ತೆ ಮತ್ತೆ ಕಣ್ಣಿಗೆ ಬೀಳುವುದು ಸಹಜ. ಸಮೀಪದಲ್ಲಿಯೇ ಘಾಟಿ ಸುಬ್ರಹ್ಮಣ್ಯ ಕ್ಷೇತ್ರವಿದೆಯಷ್ಟೆ. ನೆಲಮಂಗಲದ ಕಡೆಗೆ ಬಂದರೆ ಗಂಗಾಧರಯ್ಯ, ಹೊನ್ನಗಂಗಯ್ಯ, ಹೊನ್ನಮ್ಮ ಮೊದಲಾದ ಹೆಸರುಗಳು ಎದುರಾಗುತ್ತವೆ. ಅವು ಶಿವಗಂಗೆಯ ಬೆಟ್ಟದ ಮೇಲಿನ ಗಂಗಾಧರೇಶ್ವರನ ಮತ್ತು ಹೊನ್ನಾದೇವಿಯ ಗುರುತುಗಳು. ಹದಿನೆಂಟನೆಯ ಶತಮಾನದ ನಡುವೆ ದೇವನಹಳ್ಳಿಯಲ್ಲಿ ಜನಿಸಿದ ಒಂದು ಶಿಶುವಿಗೆ ತಂದೆತಾಯಿಗಳು ಆರ್ಕಾಟಿನ ಟಿಪ್ಪು ಮಸ್ತಾನ್ ಔಲಿಯಾ ಎಂಬ ಸಂತನ ಹೆಸರನ್ನಿಟ್ಟರು. ಆ ಶಿಶುವೇ ಮುಂದೆ ಟಿಪ್ಪು ಸುಲ್ತಾನನಾಗಿ ಪ್ರಸಿದ್ಧನಾಯಿತು.

ದೇವರಿಂದ, ಸಂತರಿಂದ ಮಕ್ಕಳಿಗೆ ಹೆಸರು ಇಳಿದು ಬರುವುದು ಹೀಗೆ ನಮಗೆ ತೀರ ಪರಿಚಿತವಾದ ಸಂಗತಿ. ಆದರೆ ಟಿಪ್ಪುವಿನ ಮೇಲೆ ಯುದ್ಧಕ್ಕೆ ಬಂದ ಸೈನ್ಯದ ಒಬ್ಬ ಪರದೇಶಿ ಅಧಿಕಾರಿಯ ಹೆಸರೂ ಇದೇ ದಾರಿಯಲ್ಲಿ ನಡೆದು, ರೈತರ ಮನೆಯ ತೊಟ್ಟಿಲನ್ನು ಸೇರಿತೆಂದರೆ ವಾಚಕರಿಗೆ ಆಶ್ಚರ್ಯವಾದೀತು. ಆ ಅಧಿಕಾರಿಯೇ ಥಾಮಸ್ ಮನ್ರೋ.

ಮನ್ರೋ 1761ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಹುಟ್ಟಿದವನು. 1780ರಲ್ಲಿ ಮದರಾಸಿಗೆ ಬಂದು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯವನ್ನು ಸೇರಿದನು. ಕಾರ್ನ್‌ವಾಲಿಸನ ಕಾಲದ ಮೈಸೂರು ಯುದ್ಧದಲ್ಲಿ ಅವನು ಭಾಗಿಯಾಗಿದ್ದನು. ಕಾರ್ನ್‌ವಾಲಿಸನ ಸೈನ್ಯವು ಕೋಲಾರ, ಹೊಸಕೋಟೆಗಳ ಮಾರ್ಗವಾಗಿ ಬಂದು 1791ರ ಮಾರ್ಚಿಯಲ್ಲಿ ಬೆಂಗಳೂರು ಕೋಟೆಯನ್ನು ಹಿಡಿಯಿತು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಮನ್ರೋ ಕೆಲಕಾಲ ಕನ್ನಡ ಜಿಲ್ಲೆಯ ಕಲೆಕ್ಟರನಾಗಿದ್ದನು. 1800ರಲ್ಲಿ ಹೈದರಾಬಾದಿನ ನಿಜಾಮನು ಬಳ್ಳಾರಿ, ಅನಂತಪುರ, ಕಡಪ ಮೊದಲಾದ ಸೀಮೆಗಳನ್ನು ಕಂಪನಿಗೆ ಬಿಟ್ಟುಕೊಟ್ಟನು. ದತ್ತಮಂಡಲಗಳೆಂದು ಹೆಸರಾದ ಆ ಪ್ರದೇಶಕ್ಕೆ ಮನ್ರೋ ಮುಖ್ಯ ಕಲೆಕ್ಟರನಾಗಿ ಬಂದು 1807ರವರೆಗೆ ಇದ್ದನು. ಅಲ್ಲಿಯೇ ಗಂಡುಮಕ್ಕಳಿಗೆ ಅವನ ಹೆಸರಿಡುವ ರೂಢಿ ಬೆಳೆಯಿತು. ಹೆಸರಿನ ರೂಪ: ಮನ್ರೋಲಪ್ಪ! ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿಯೂ ಈ ಹೆಸರು ಆ ಕಡೆ ಬಳಕೆಯಲ್ಲಿದ್ದುದನ್ನು ಅವನ ಚರಿತ್ರಕಾರರು ಹೇಳಿದ್ದಾರೆ.

ಮನ್ರೋ ಎಂಬುದು ಮೂಲತಃ ವ್ಯಕ್ತಿಯ ಹೆಸರಲ್ಲ. ಅದೊಂದು ಸ್ಕಾಟಿಷ್ ಮನೆತನದ ಹೆಸರು. ಆ ಕುಲದ ಹಿರಿಯರು ಐರ್ಲೆಂಡಿನ ರೋ ಎಂಬ ನದಿಯ ತೀರದಿಂದ ಬಂದವರೆಂದು ಪರಂಪರೆ ಹೇಳುತ್ತದೆ. ಗೇಲಿಕ್ ಭಾಷೆಯಲ್ಲಿ ‘ಬುನ್’ ಎಂದರೆ ಬುಡ, ನದಿಯ ಮುಖ. ‘ಬುನ್ ರೋ’ ಎಂಬುದೇ ‘ಮುನ್ ರೋ’ ಆಯಿತಂತೆ. ಆಂಗ್ಲರಲ್ಲಿ ಇದನ್ನು ಹುಡುಗರಿಗೆ ಮೊದಲ ಹೆಸರಾಗಿ ಇಡುವುದು ಇಂದಿಗೂ ವಿರಳ. ಅಮೆರಿಕದಲ್ಲಿ ಮಾತ್ರ, 1817ರಿಂದ 1825ರವರೆಗೆ ಅಧ್ಯಕ್ಷನಾಗಿದ್ದ ಜೇಮ್ಸ್ ಮನ್ರೋವಿನ ಕೀರ್ತಿಯಿಂದ ಅದು ಹತ್ತೊಂಬತ್ತನೆಯ ಶತಮಾನದ ಹುಡುಗರ ಹೆಸರುಗಳಲ್ಲಿ ಸೇರಿತು. ಆಫ್ರಿಕದ ಲೈಬೀರಿಯದ ರಾಜಧಾನಿಗೆ 1824ರಲ್ಲಿ ಮನ್ರೋವಿಯಾ ಎಂದು ಹೆಸರಿಟ್ಟದ್ದೂ ಅವನ ನೆನಪಿಗೇ. ಸ್ಕಾಟ್ಲೆಂಡಿನಲ್ಲಿಯಾದರೋ 3000 ಅಡಿಗಿಂತ ಎತ್ತರವಾದ ಬೆಟ್ಟಗಳನ್ನೇ ‘ಮನ್ರೋ’ಗಳೆಂದು ಕರೆಯುತ್ತಾರೆ, 1891ರಲ್ಲಿ ಅವುಗಳ ಪಟ್ಟಿಯನ್ನು ಪ್ರಕಟಿಸಿದವನು ಹ್ಯೂ ಮನ್ರೋ.

‘ಬ’ಕಾರವು ‘ಮ’ಕಾರವಾಗುವುದು ಹೇಗೆ? ಇದಕ್ಕೆ ಪ್ರಯೋಗಶಾಲೆ ಬೇಕಾಗಿಲ್ಲ. ಮೂಗನ್ನು ಬಿಗಿಯಾಗಿ ಹಿಡಿದು ‘ಮನೆ’ ಎಂದು ಹೇಳಿರಿ. ಹೊರಗೆ ಬರುವ ಶಬ್ದ ಹೆಚ್ಚುಕಡಮೆ ‘ಬದೆ’. ಎರಡು ತುಟಿಗಳೂ ಮುಚ್ಚುವುದು ‘ಬ’ ‘ಮ’ ಎರಡಕ್ಕೂ ಸಮಾನ. ಕಿರುನಾಲಗೆಯಿರುವ ಮೆತ್ತಗಿನ ಅಂಗುಳು ಕೆಳಗಿಳಿದು ಮೂಗಿನ ದಾರಿಯನ್ನು ತೆರೆದರೆ ‘ಮ’, ಮೇಲೆದ್ದು ಮುಚ್ಚಿದರೆ ‘ಬ’. ‘ನ’ ಮತ್ತು ‘ದ’ಗಳ ಸಂಬಂಧವೂ ಇಂತಹದೇ.

ಈಗ ‘ಮನ್ರೋ’ ಎಂಬುದನ್ನು ಬೇಗ ಬೇಗನೆ ಹತ್ತು ಬಾರಿ ಉಚ್ಚರಿಸಿರಿ. ‘ನ್’ ಮುಗಿದು ‘ರ’ ಆರಂಭವಾಗುವಾಗ ಎರಡು ಕೆಲಸಗಳು ಒಂದೇ ಕ್ಷಣದಲ್ಲಿ ನಡೆಯಬೇಕು: ಮೂಗಿನ ದಾರಿ ಮುಚ್ಚಬೇಕು, ನಾಲಗೆಯು ತಾನು ತಾಗಿದ್ದ ಸ್ಥಳವನ್ನು ಬಿಡಬೇಕು. ಮೂಗಿನ ದಾರಿಯು ಕ್ಷಣದ ಒಂದು ಪಾಲಿನಷ್ಟು ಮೊದಲೇ ಮುಚ್ಚಿಕೊಂಡರೆ ನಡುವೆ ಕರೆಯದೆಯೇ ಒಂದು ದಕಾರವೋ ಡಕಾರವೋ ಹುಟ್ಟುತ್ತದೆ; ಕೇಳುವವನಿಗೆ ‘ಮಂಡ್ರೋ’ ಎಂದೇ ಕೇಳಿಸುತ್ತದೆ. ಗುಡುಗಿಗೆ ಹಳೆಯ ಇಂಗ್ಲಿಷಿನಲ್ಲಿದ್ದ ‘ಥುನೊರ್’ ಎಂಬ ಶಬ್ದವು ಇಂದಿನ ‘ಥಂಡರ್’ ಆದದ್ದು ಹೀಗೆಯೇ. ನಮ್ಮ ದೇಶದಲ್ಲಿಯೇ ಸಂಸ್ಕೃತದ ‘ಆಮ್ರ’ವು ಪಾಳಿಯಲ್ಲಿ ‘ಅಂಬ’ವಾಯಿತು, ‘ತಾಮ್ರ’ವು ಹಿಂದಿಯಲ್ಲಿ ‘ತಾಂಬಾ’ ಆಯಿತು. ದತ್ತಮಂಡಲಗಳ ಜನರು ಮನ್ರೋವನ್ನು ‘ಮಾಂಡವ ಋಷಿ’ ಎಂದೂ ಕರೆದರು. ಅಪರಿಚಿತ ಶಬ್ದದಲ್ಲಿ ತಾನಾಗಿ ಮೂಡಿದ ಡಕಾರವು ಪುರಾಣದ ಮಾಂಡವ್ಯನನ್ನು ನೆನಪಿಗೆ ತಂದಿರಬೇಕೆಂದು ನಮಗೆ ತೋರುತ್ತದೆ.

ಇನ್ನು ಮನ್ರೋಲಪ್ಪನ ನಡುವಿನ ಲಕಾರ. ರಾಮುಲು, ಆಂಜನೇಯುಲು, ವೆಂಕಟೇಶ್ವರ್ಲು ಎಂಬ ಹೆಸರುಗಳ ಕೊನೆಯಲ್ಲಿ ಗೌರವಾರ್ಥವಾಗಿ ಬರುವ ತೆಲುಗಿನ ‘ಲು’ ಪ್ರತ್ಯಯವೇ ಇದಾಗಿರಬೇಕು. ಮನ್ರೋಲು ಎಂಬುದಕ್ಕೆ ಅಪ್ಪ ಸೇರಿದರೆ ಮನ್ರೋಲಪ್ಪ. ಇದು ನಮ್ಮ ಊಹೆಯೇ ಆದರೂ ಎರಡು ಭಾಷೆಗಳು ಬೆರೆತಿರುವ ಆ ಸೀಮೆಗೆ ಒಪ್ಪುವಂತಹ ಊಹೆ.

ಸರ್ ಮಾರ್ಕ್ ಕಬ್ಬನ್ 1834ರಿಂದ 1861ರವರೆಗೆ ಮೈಸೂರು ಸೀಮೆಯ ಕಮಿಷನರನಾಗಿದ್ದನು. ಮನ್ರೋ ದತ್ತಮಂಡಲಗಳಲ್ಲಿದ್ದುದಕ್ಕಿಂತ ಬಹು ದೀರ್ಘ ಕಾಲ. ಅವನ ಹೆಸರು ಬೆಂಗಳೂರಿನ ಉದ್ಯಾನಕ್ಕೂ ರಸ್ತೆಗೂ ನಿಂತಿತು. ಆದರೆ ಕಬ್ಬನಪ್ಪನೆಂಬ ಹುಡುಗನ ವಿಷಯವನ್ನು ನಾವೆಲ್ಲಿಯೂ ಕೇಳಿಲ್ಲ. ಈ ವ್ಯತ್ಯಾಸವೇಕೆ? ಮನ್ರೋ ಜಾರಿಗೆ ತಂದ ರೈತವಾರಿ ಪದ್ಧತಿಯಲ್ಲಿ ಸರಕಾರವು ನಡುವೆ ಜಮೀನುದಾರನಿಲ್ಲದೆ ನೇರವಾಗಿ ರೈತನೊಡನೆ ವ್ಯವಹರಿಸಿತು. ಹೊಲಹೊಲವನ್ನೂ ಅಳೆಯಿಸುತ್ತ, ಡೇರೆಗಳಲ್ಲಿ ವಾಸಿಸುತ್ತ ಅವನು ಊರೂರು ತಿರುಗಿದನು. ಅವನ ಕಂದಾಯವೇನೂ ಹಗುರವಾಗಿರಲಿಲ್ಲ. ಪಾಳೆಯಗಾರರನ್ನು ಅವನು ಕಠಿಣವಾಗಿಯೇ ಅಡಗಿಸಿದನು. ಆದರೂ 1807ರಲ್ಲಿ ಕಂದಾಯವನ್ನು ನೂರಕ್ಕೆ 25ರಷ್ಟು ಇಳಿಸಬೇಕೆಂದು ಶಿಫಾರಸು ಮಾಡಿದವನೂ ಅವನೇ. ಮೇಲಿನವರು ಆಗ ಒಪ್ಪಲಿಲ್ಲ. 1820ರಲ್ಲಿ ತಾನೇ ಮದರಾಸಿನ ಗವರ್ನರನಾಗಿ ಬಂದಾಗ ಅದನ್ನು ನಡೆಸಿಕೊಟ್ಟನು. 1827ರ ಜುಲೈ 6ರಂದು ಅದೇ ಸೀಮೆಯ ಪತ್ತಿಕೊಂಡದಲ್ಲಿ ಕಾಲರಾದಿಂದ ಮೃತನಾದನು. ಮಂತ್ರಾಲಯದ ಬೃಂದಾವನದಲ್ಲಿ ರಾಘವೇಂದ್ರ ಸ್ವಾಮಿಗಳು ಅವನೊಡನೆ ಮಾತನಾಡಿದರೆಂಬ ಐತಿಹ್ಯವು ಕನ್ನಡನಾಡಿನಲ್ಲೆಲ್ಲ ಪ್ರಚಲಿತವಾಗಿದೆ.

ಕೀರ್ತಿಯಿಂದ ಹೆಸರು ಹುಟ್ಟಬಹುದು. ಕೀರ್ತಿಯನ್ನು ಕಂಡವರು ಕಾಲವಾದ ಮೇಲೂ ಅದು ಉಳಿಯಬೇಕಾದರೆ ಬೇರೊಂದು ಏರ್ಪಾಡು ಬೇಕು. ನಮ್ಮಲ್ಲಿ ಆ ಏರ್ಪಾಡು ಮೊಮ್ಮಗನಿಗೆ ತಾತನ ಹೆಸರಿಡುವ ಪದ್ಧತಿ. ಮನ್ರೋಲಪ್ಪನ ಮೊಮ್ಮಗನು ಮನ್ರೋಲಪ್ಪನಾದದ್ದು ಸಾಹೇಬನ ಮೇಲಿನ ಭಕ್ತಿಯಿಂದಲ್ಲ, ತಾತನ ಮೇಲಿನ ಪ್ರೀತಿಯಿಂದ. ತಾತನಿಗೆ ಮೂವರು ಗಂಡುಮಕ್ಕಳಿದ್ದರೆ ಮೂರು ಮನೆಗಳಲ್ಲಿ ಅದೇ ಹೆಸರಿನ ಮೊಮ್ಮಕ್ಕಳು. ನಮ್ಮ ಹಳ್ಳಿಗಳ ದೊಡ್ಡಮುನಿಯಪ್ಪ, ಚಿಕ್ಕಮುನಿಯಪ್ಪರನ್ನು ನೆನೆದುಕೊಳ್ಳಿರಿ.

ಇಲ್ಲಿ ಗಣಿತವು ಪ್ರವೇಶಿಸುತ್ತದೆ. ಮನೆತನಗಳ ಹೆಸರುಗಳು ಏಕೆ ನಶಿಸುತ್ತವೆಂಬ ಪ್ರಶ್ನೆಯನ್ನು ಫ್ರಾನ್ಸಿಸ್ ಗಾಲ್ಟನ್ 1873ರಲ್ಲಿ ಎತ್ತಿದನು. ವಾಟ್ಸನ್ ಎಂಬ ಗಣಿತಜ್ಞನೊಡನೆ ಸೇರಿ 1874ರಲ್ಲಿ ಉತ್ತರವನ್ನು ಪ್ರಕಟಿಸಿದನು. ಆ ವಿಧಾನವನ್ನು ನಮ್ಮ ಪದ್ಧತಿಗೆ ಅನ್ವಯಿಸೋಣ. ಒಬ್ಬ ತಾತನ ಹೆಸರು ಯಾವ ಮೊಮ್ಮಗನಿಗೂ ಹೋಗದಿರುವ ಸಂಭಾವ್ಯತೆ 1/4, ಒಬ್ಬನಿಗೆ ಹೋಗುವುದು 1/2, ಇಬ್ಬರಿಗೆ ಹೋಗುವುದು 1/4 ಎಂದು ಭಾವಿಸೋಣ. ಸರಾಸರಿ ಒಬ್ಬನಿಗೆ ಒಬ್ಬ. ಹೆಸರು ಎಂದೆಂದಿಗೂ ಉಳಿಯಬೇಕೆಂದು ತೋರುತ್ತದೆ. ಲೆಕ್ಕ ಹಾಗೆ ಹೇಳುವುದಿಲ್ಲ. ಒಂದು ಹಂತದವರೆಗೆ ಹೆಸರು ನಶಿಸಿರುವ ಸಂಭಾವ್ಯತೆಗೆ 1 ಕೂಡಿಸಿ, ವರ್ಗ ಮಾಡಿ, 4ರಿಂದ ಭಾಗಿಸಿದರೆ ಮುಂದಿನ ಹಂತದ ಸಂಭಾವ್ಯತೆ ದೊರೆಯುತ್ತದೆ: 0.25, 0.39, 0.48, 0.55. ತಾತನಿಂದ ಮೊಮ್ಮಗನಿಗೆ ಸುಮಾರು 50 ವರ್ಷಗಳ ಅಂತರವೆಂದರೆ, ನಾಲ್ಕು ಹಂತಗಳಿಗೆ 200 ವರ್ಷ. ಮನ್ರೋವಿನ ಕಾಲದಲ್ಲಿ ಒಬ್ಬನೇ ಹುಡುಗನಿಗೆ ಆ ಹೆಸರಿಟ್ಟಿದ್ದರೆ ಇಷ್ಟರಲ್ಲಿ ಅದು ಅಳಿದಿರುವ ಸಂಭವವೇ ಹೆಚ್ಚು. ಬೇರೆ ಬೇರೆ ಮನೆಗಳ ಹತ್ತು ಹುಡುಗರಿಗೆ ಇಟ್ಟಿದ್ದರೆ? 0.55ನ್ನು ಹತ್ತು ಬಾರಿ ಗುಣಿಸಿರಿ: ಸುಮಾರು 0.0025. ಎಂದರೆ ಹತ್ತೂ ಕವಲುಗಳು ಒಣಗಿಹೋಗುವ ಸಂಭವವು ನಾನೂರರಲ್ಲಿ ಒಂದು ಮಾತ್ರ.

ಪರಮಾಣು ರಿಯಾಕ್ಟರಿನಲ್ಲಿ ನ್ಯೂಟ್ರಾನುಗಳ ಸಂತತಿಯನ್ನು ಲೆಕ್ಕ ಹಾಕುವುದೂ ಇದೇ ಗಣಿತದಿಂದ. ಯುರೇನಿಯಂ ಬೀಜವು ಒಡೆದಾಗ ಹೊರಬಿದ್ದ ನ್ಯೂಟ್ರಾನುಗಳಲ್ಲಿ ಸರಾಸರಿ ಒಂದಕ್ಕಿಂತ ಕಡಮೆ ನ್ಯೂಟ್ರಾನು ಮತ್ತೊಂದು ಬೀಜವನ್ನು ಒಡೆದರೆ ಸರಪಳಿಯು ನಂದಿಹೋಗುತ್ತದೆ. ಹೆಸರಿನ ಸರಪಳಿಯೂ ಹಾಗೆಯೇ.

ನಮ್ಮ ಕಾಲದಲ್ಲಿ ಆ ಸರಾಸರಿಯು ವೇಗವಾಗಿ ಇಳಿಯುತ್ತಿದೆ. ಒಂದೋ ಎರಡೋ ಮಕ್ಕಳಿರುವ ಮನೆಯಲ್ಲಿ ಹೆಸರು ನಕ್ಷತ್ರದ ಅಕ್ಷರದಿಂದ ಬರುತ್ತದೆ, ಇಲ್ಲವೆ ಸಿನಿಮಾದಿಂದ, ನೆರೆಮನೆಯ ಮಗುವಿನಿಂದ ಬರುತ್ತದೆ. ಅಮೆರಿಕದ ಶಿಶುಗಳ ಹೆಸರುಗಳನ್ನು ಹಾನ್, ಬೆಂಟ್ಲಿ ಎಂಬ ವಿಜ್ಞಾನಿಗಳು ಪರೀಕ್ಷಿಸಿ, ಕೇವಲ ಒಬ್ಬರನ್ನೊಬ್ಬರು ಯದೃಚ್ಛೆಯಾಗಿ ಅನುಕರಿಸುವುದರಿಂದಲೇ ಕೆಲವು ಹೆಸರುಗಳು ಬಹಳವಾಗಿ ಹಬ್ಬಿ ಅಸಂಖ್ಯ ಹೆಸರುಗಳು ವಿರಳವಾಗಿಯೇ ಉಳಿಯುತ್ತವೆಂದು 2003ರಲ್ಲಿ ತೋರಿಸಿದರು. ಅನುಕರಣೆಗೆ ಊರಿನ ಎಲ್ಲೆಯಿಲ್ಲ. ಶಿವಗಂಗೆಯ ನೆರಳಿನಲ್ಲಿ ಹುಟ್ಟಿದ ಮಗುವಿಗೂ ದೂರದ ನಗರದ ಮಗುವಿಗೂ ಈಗ ಒಂದೇ ಹೆಸರು. ದೇವನಹಳ್ಳಿಯ ಬಳಿ 2008ರಲ್ಲಿ ಆರಂಭವಾದ ವಿಮಾನನಿಲ್ದಾಣಕ್ಕೆ 2013ರಲ್ಲಿ ಕೆಂಪೇಗೌಡನ ಹೆಸರನ್ನಿಟ್ಟರು, ಸರಿಯೆ. ಆದರೆ ಕಟ್ಟಡಕ್ಕೆ ಮೊಮ್ಮಕ್ಕಳಿಲ್ಲ.

ನಮ್ಮ ವಿದ್ಯಾರ್ಥಿ ವಾಚಕರು ಈ ಸರಾಸರಿಯನ್ನು ತಾವೇ ಅಳೆಯಬಹುದು. ತರಗತಿಯಲ್ಲಿರುವ ಪ್ರತಿಯೊಬ್ಬ ಹುಡುಗನ ಹೆಸರು, ಅವನ ಅಣ್ಣತಮ್ಮಂದಿರ ಹೆಸರುಗಳು, ತಂದೆಯ ಹಾಗೂ ತಾಯಿಯ ಕಡೆಯ ತಾತಂದಿರ ಹೆಸರುಗಳು—ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು, ಎಷ್ಟು ತಾತಂದಿರ ಹೆಸರು ಕೆಳಗಿಳಿದಿದೆಯೆಂದು ಎಣಿಸಿರಿ. ಅನಂತರ ಅದೇ ಪ್ರಶ್ನೆಯನ್ನು ತಂದೆಯ ತಲೆಮಾರಿನ ಬಗೆಗೆ ಮನೆಯಲ್ಲಿ ಕೇಳಿರಿ. ತಾತನ ಹೆಸರಿನೊಡನೆ ಆತನ ಊರನ್ನೂ ಬರೆದುಕೊಳ್ಳುವುದು ಅವಶ್ಯ. ಇಲ್ಲದಿದ್ದರೆ ಶಿವಗಂಗೆಯ ಗಂಗಾಧರಯ್ಯನಾರು, ಬೇರೆ ಸೀಮೆಯ ಗಂಗಾಧರಯ್ಯನಾರು ಎಂಬುದನ್ನು ಹಾಳೆಯಿಂದ ತಿಳಿಯಲಾಗದು.