ಕೀರ್ತಿಮಂದಿರದಲ್ಲಿ ಯಾರಿಗೆ ಸ್ಥಾನ?

1920ನೆಯ ಇಸವಿ ಜುಲೈ 28ನೆಯ ತಾರೀಖು. ಕಲ್ಕತ್ತೆಯಲ್ಲಿ ಕೂಚ್‌ಬಿಹಾರ್ ಕಪ್ಪಿನ ಪಂದ್ಯ. ಒಂದು ಕಡೆ ಜೋರಾಬಗಾನ್ ಸಂಘ, ಇನ್ನೊಂದು ಕಡೆ ಹೆಸರಾಂತ ಮೋಹನ್ ಬಗಾನ್. ಜೋರಾಬಗಾನಿನ ಹನ್ನೊಂದು ಮಂದಿಯಲ್ಲಿ ಇರಬೇಕಾಗಿದ್ದ ಶೈಲೇಶ್ ಬೋಸ್ ಎಂಬ ಆಟಗಾರನನ್ನು ಅಂದು ಕೈಬಿಡಲಾಗಿತ್ತು. ಏಕೆಂದು ಯಾರೂ ಹೇಳಲಿಲ್ಲ. ಸಂಘದ ಉಪಾಧ್ಯಕ್ಷರಾಗಿದ್ದ ಸುರೇಶಚಂದ್ರ ಚೌಧುರಿಯವರು ಅವನನ್ನು ಆಡಿಸಿರೆಂದು ಕೇಳಿಕೊಂಡರು. ಅವರ ಮಾತು ನಡೆಯಲಿಲ್ಲ. ಹುಡುಗ ಪೂರ್ವ ಬಂಗಾಳದವನೆಂಬುದೇ ಇದಕ್ಕೆ ಕಾರಣವೆಂದು ಆ ಸೀಮೆಯವರು ನಂಬಿದರು. ಚೌಧುರಿಯವರು ರಾಜೀನಾಮೆ ಕೊಟ್ಟು ಹೊರಬಂದರು. ಆಗಸ್ಟ್ 1ರಂದು ಅವರೂ ಅವರ ಮಿತ್ರರೂ ಸೇರಿ ಈಸ್ಟ್ ಬೆಂಗಾಲ್ ಎಂಬ ಹೊಸ ಸಂಘವನ್ನು ಸ್ಥಾಪಿಸಿದರು. ನೂರು ವರ್ಷ ದಾಟಿ ಇಂದಿಗೂ ನಡೆಯುತ್ತಿರುವ ಈ ದೊಡ್ಡ ಸಂಸ್ಥೆಯ ಹುಟ್ಟಿಗೆ ಮೂಲವಾದದ್ದು, ಹೀಗೆ, ಯಾರೋ ಹೊಡೆದ ಗೋಲಲ್ಲ. ಒಬ್ಬನನ್ನು ಆಡಗೊಡದೆ ಹೊರಗೆ ಕೂರಿಸಿದ್ದು.

ದೊಡ್ಡ ಆಟದ ಸಂಘಗಳಲ್ಲಿ ಈಗ ಒಂದು ಪದ್ಧತಿಯಿದೆ. ಸಂಘದ ಹಿರಿಮೆಗೆ ಕಾರಣರಾದವರನ್ನು ಆರಿಸಿ, ಅವರ ಹೆಸರನ್ನೂ ಚಿತ್ರವನ್ನೂ ಒಂದು ಕಡೆ ಶಾಶ್ವತವಾಗಿ ಇರಿಸುವುದು. ಇಂಗ್ಲಿಷಿನವರು ಇದನ್ನು ಹಾಲ್ ಆಫ್ ಫೇಮ್ ಎನ್ನುತ್ತಾರೆ. ನಾವು ಕೀರ್ತಿಮಂದಿರ ಎನ್ನೋಣ. ಈಸ್ಟ್ ಬೆಂಗಾಲಿನ ಇಂಥದೊಂದು ಮಂದಿರಕ್ಕೆ ಹೆಸರುಗಳನ್ನು ಸೂಚಿಸಿರೆಂದು ಓದುಗರನ್ನೇ ಕೇಳಿದರೆನ್ನಿ. ಆಗ ಶೈಲೇಶ್ ಬೋಸರನ್ನು ಎಲ್ಲಿ ಇಡುವಿರಿ? ಅವರ ಗೋಲುಗಳ ಲೆಕ್ಕ ಯಾರೂ ಹೇಳುವುದಿಲ್ಲ. ಆದರೆ ಅವರಿಗಾದ ಆ ಅನ್ಯಾಯ ನಡೆಯದಿದ್ದರೆ ಕೆಂಪು-ಹೊಂಬಣ್ಣದ ಅಂಗಿಯೇ ಇರುತ್ತಿರಲಿಲ್ಲ.

ಸಾಮಾನ್ಯವಾಗಿ ಜನ ಹಿಡಿಯುವ ಅಳತೆಗೋಲು ಎರಡು. ಎಷ್ಟು ಗೋಲು ಹೊಡೆದ ಎಂಬುದು ಒಂದು; ಎಷ್ಟು ವರ್ಷ ಸಂಘ ಬಿಡದೆ ಆಡಿದ ಎಂಬುದು ಇನ್ನೊಂದು. ಎರಡನೆಯದಕ್ಕೆ ಕಲ್ಕತ್ತೆಯಲ್ಲಿ ಬೆಲೆ ಹೆಚ್ಚು. ಎದುರಾಳಿ ಸಂಘವಾದ ಮೋಹನ್ ಬಗಾನಿನಲ್ಲಿ ಚುನಿ ಗೋಸ್ವಾಮಿಯವರು ಕೊನೆಯವರೆಗೂ ಬೇರೆ ಸಂಘದ ಅಂಗಿ ತೊಡಲಿಲ್ಲವೆಂಬುದನ್ನು ಅಲ್ಲಿನವರು ಇಂದಿಗೂ ಅಭಿಮಾನದಿಂದ ಹೇಳುತ್ತಾರೆ. ಆ ಸಂಘವು 2001ರಲ್ಲಿ 'ಮೋಹನ್ ಬಗಾನ್ ರತ್ನ' ಎಂಬ ಗೌರವವನ್ನು ಆರಂಭಿಸಿದಾಗ ಮೊದಲು ಅದು ಸಂದದ್ದು ಶೈಲೇನ್ ಮನ್ನಾ ಅವರಿಗೆ. ಹತ್ತೊಂಬತ್ತು ಇಪ್ಪತ್ತು ವರ್ಷ ಒಂದೇ ಸಂಘಕ್ಕೆ ಆಡಿದವರು ಅವರು. 1951ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಭಾರತ ತಂಡದ ನಾಯಕರೂ ಹೌದು. ಆ ಆಯ್ಕೆಯನ್ನು ತಪ್ಪೆನ್ನುವವರು ಇರಲಾರರು.

ಆದರೆ ನಿಷ್ಠೆಯೊಂದನ್ನೇ ಅಳತೆ ಮಾಡಿದರೆ ಈಸ್ಟ್ ಬೆಂಗಾಲಿನ ಚರಿತ್ರೆಯ ಅತ್ಯುತ್ತಮ ಪುಟಗಳು ಹರಿದುಹೋಗುತ್ತವೆ. ಏಕೆಂದರೆ ಆ ಪುಟಗಳನ್ನು ಬರೆದವರಲ್ಲಿ ಅನೇಕರು ಹೊರಗಿನಿಂದ ಬಂದವರು. ನಮಗೆ ಇದು ಹತ್ತಿರದ ವಿಷಯವೂ ಹೌದು. ಅವರಲ್ಲಿ ಬಹುಶಃ ಎಲ್ಲರಿಗಿಂತ ಸೊಗಸಾಗಿ ಆಡಿದಾತ ಬೆಂಗಳೂರಿನವರು.

ಅಹಮದ್ ಖಾನ್ 1926ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದರು. ಆ ಕಾಲದ ಬೆಂಗಳೂರಿನಲ್ಲಿ ಕಾಲ್ಚೆಂಡಾಟವೆಂದರೆ ಈಗಿನಂತೆ ಮೂಲೆಗುಂಪಾದ ಆಟವಲ್ಲ. 1937ರಲ್ಲಿ ಬೊಂಬಾಯಿಯ ರೋವರ್ಸ್ ಕಪ್ಪನ್ನು ಗೋರಾ ಸಿಪಾಯಿಗಳ ತಂಡಗಳಿಂದ ಕಸಿದುಕೊಂಡ ಮೊದಲ ಭಾರತೀಯ ತಂಡ ನಮ್ಮ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಕಪ್ಪು ಅವರದೇ ಆಯಿತು. ಆ ಗರಡಿಯಲ್ಲಿ ಬೆಳೆದ ಅಹಮದ್ ಖಾನರು 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಬರಿಗಾಲಿನಲ್ಲಿ ಆಡಿದರು. 1949ರಲ್ಲಿ ಈಸ್ಟ್ ಬೆಂಗಾಲ್ ಸೇರಿದರು.

ಅವರನ್ನೂ ಅವರಂಥ ಇತರರನ್ನೂ ಅಲ್ಲಿಗೆ ಕರೆತಂದವರು ಸಂಘದ ಕಾರ್ಯದರ್ಶಿ ಜ್ಯೋತಿಷ್ ಗುಹ. ಹೀಗೆ ಕೂಡಿಬಂದ ಮುಂಚೂಣಿಯ ಐವರೂ ದಕ್ಷಿಣದವರು. ಬಲಗಡೆ ಅಂಚಿನಲ್ಲಿ ವೆಂಕಟೇಶ್, ಅವರ ಪಕ್ಕದಲ್ಲಿ ಆಂಧ್ರದ ಅಪ್ಪಾರಾವ್, ನಡುವೆ ಧನರಾಜ್, ಒಳ ಎಡಗಡೆ ಅಹಮದ್ ಖಾನ್, ಎಡ ಅಂಚಿನಲ್ಲಿ ಕೇರಳದ ಸಾಲೆ. ಬಂಗಾಳದ ಜನ ಇವರನ್ನು ಪಂಚಪಾಂಡವರೆಂದು ಕರೆದರು. ಹೆಸರು ಸುಮ್ಮನೆ ಬಂದದ್ದಲ್ಲ. 1949ರಲ್ಲಿ ಕಲ್ಕತ್ತ ಲೀಗ್, ಐ.ಎಫ್.ಎ. ಷೀಲ್ಡ್, ರೋವರ್ಸ್ ಕಪ್ ಮೂರನ್ನೂ ಒಂದೇ ವರ್ಷ ಗೆದ್ದರು. ಷೀಲ್ಡನ್ನು 1950 ಮತ್ತು 1951ರಲ್ಲಿ ಮತ್ತೆ ಗೆದ್ದರು. 1951, 1952ರಲ್ಲಿ ಡ್ಯೂರಾಂಡ್ ಕಪ್ ಬಂತು. 1953ರಲ್ಲಿ ಸಂಘ ರುಮೇನಿಯ, ರಷ್ಯಗಳವರೆಗೂ ಹೋಗಿಬಂತು.

ಇಷ್ಟೇ ಆಗಿದ್ದರೆ ಅದು ಕಪ್ಪುಗಳ ಪಟ್ಟಿ. ಆ ವರ್ಷಗಳು ಯಾವುವೆಂಬುದನ್ನು ಸ್ವಲ್ಪ ಯೋಚಿಸಬೇಕು. 1947ರಲ್ಲಿ ದೇಶ ಒಡೆಯಿತು. ಪೂರ್ವ ಬಂಗಾಳದಿಂದ ಮನೆಮಠ ಬಿಟ್ಟು ಬಂದ ಲಕ್ಷಾಂತರ ಜನ ಕಲ್ಕತ್ತೆಯ ರೈಲುನಿಲ್ದಾಣಗಳಲ್ಲೂ ಬಯಲುಗಳಲ್ಲೂ ಬಿಡಾರ ಹಾಕಿದರು. ಊರು ಹೋಗಿತ್ತು, ಹೊಲ ಹೋಗಿತ್ತು, ನೆರೆಹೊರೆ ಹೋಗಿತ್ತು. ಬಿಟ್ಟು ಬಂದ ನಾಡಿನ ಹೆಸರು ಉಳಿದಿದ್ದದ್ದು ಆ ಸಂಘದ ಫಲಕದ ಮೇಲೆ. ಹೊಸಬರೆಂದು ಹಳಬರು ಹಂಗಿಸುವ ಊರಿನಲ್ಲಿ, ಶನಿವಾರ ಸಂಜೆ ಈಸ್ಟ್ ಬೆಂಗಾಲ್ ಗೆದ್ದರೆ ತಲೆಯೆತ್ತಿ ನಡೆಯಬಹುದಾಗಿತ್ತು. ಗೆದ್ದ ದಿನ ಅವರ ಮನೆಗಳಲ್ಲಿ ಹಿಲ್ಸಾ ಮೀನು. ಮೋಹನ್ ಬಗಾನ್ ಗೆದ್ದರೆ ಆ ಕಡೆಯವರಲ್ಲಿ ಸಿಗಡಿ. (ಮೀನು ತಿನ್ನದ ನನ್ನಂಥವನಿಗೂ ಈ ವಿಷಯದಲ್ಲಿ ಪಕ್ಷ ವಹಿಸಬೇಕಾದ ಪ್ರಸಂಗ ಒಮ್ಮೆ ಬಂದಿತ್ತೆಂದು ಇಲ್ಲಿ ಹೇಳಿದರೆ ಸಾಕು.) ನೆಲೆ ಕಳೆದುಕೊಂಡ ಆ ಜನಕ್ಕೆ ಈ ಮಾನವನ್ನು ತಂದುಕೊಟ್ಟವರು ಬಂಗಾಳಿ ಮಾತೃಭಾಷೆಯಲ್ಲದ ಐದು ಮಂದಿ. ಅದರಲ್ಲೊಬ್ಬರು ನಮ್ಮ ಊರಿನವರು.

ಅಹಮದ್ ಖಾನರ ಆಟವನ್ನು ನೋಡಿದವರು ಚೆಂಡು ಅವರ ಕಾಲಿಗೆ ಅಂಟಿಕೊಂಡಂತಿರುತ್ತಿತ್ತೆಂದು ಹೇಳುತ್ತಿದ್ದರು. ಹಾವಾಡಿಗನೆಂಬ ಅಡ್ಡಹೆಸರೂ ಅವರಿಗಿತ್ತು. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಯುಗೋಸ್ಲಾವಿಯ ನಮ್ಮ ಮೇಲೆ ಹತ್ತು ಗೋಲು ಹಾಕಿತು. ನಾವು ಹಾಕಿದ ಒಂದೇ ಒಂದು ಗೋಲು ಅವರದು. ಸೋಲಿನ ಲೆಕ್ಕದಲ್ಲಿ ಆ ಒಂದನ್ನು ಯಾರೂ ಎಣಿಸುವುದಿಲ್ಲ; ನನಗೆ ಮಾತ್ರ ಅದು ದೊಡ್ಡದೆನಿಸುತ್ತದೆ. ಹತ್ತು ವರ್ಷ ಒಂದೇ ಸಂಘಕ್ಕೆ ಆಡಿ 1959ರಲ್ಲಿ ಅವರು ನಿಲ್ಲಿಸಿದರು. ಸರ್ಕಾರ ಅರ್ಜುನ ಪ್ರಶಸ್ತಿಯನ್ನು ಆರಂಭಿಸಿದ್ದು 1961ರಲ್ಲಿ. ಆ ತಲೆಮಾರಿನ ಆಟಗಾರರ ಭಾಗ್ಯ ಅಷ್ಟು: ಬಹುಮಾನ ಹುಟ್ಟುವ ಹೊತ್ತಿಗೆ ಆಟ ಮುಗಿದಿತ್ತು. 2017ರ ಆಗಸ್ಟ್ ತಿಂಗಳಿನಲ್ಲಿ, ತೊಂಬತ್ತು ವರ್ಷದ ಅಹಮದ್ ಖಾನರು ಬೆಂಗಳೂರಿನಲ್ಲಿ ತೀರಿಕೊಂಡರು. ಸಂಘದೊಳಗಿನ ಗೌರವವೆಂಬುದು ಮುಖ್ಯವಾಗುವುದು ಇಂಥವರ ವಿಷಯದಲ್ಲಿಯೇ. ಸರ್ಕಾರದ ಪಟ್ಟಿ ತಡವಾಗಿ ತೆರೆಯಬಹುದು. ಸಂಘಕ್ಕೆ ತನ್ನವರು ಯಾರೆಂದು ಮೊದಲೇ ಗೊತ್ತಿರುತ್ತದೆ.

ಇನ್ನು ಹತ್ತು ವರ್ಷ ಆಡದವರ ಮಾತು. 1970ರ ಐ.ಎಫ್.ಎ. ಷೀಲ್ಡಿನ ಅಂತಿಮ ಪಂದ್ಯಕ್ಕೆ ಇರಾನಿನ ಪಾಸ್ ತೆಹರಾನ್ ತಂಡ ಬಂದಿತ್ತು. ಬದಲಿ ಆಟಗಾರನಾಗಿ ಕಣಕ್ಕಿಳಿದ ಪರಿಮಳ ದೇ ಒಂದು ಗೋಲು ಹೊಡೆದರು. ಅದರಿಂದಲೇ ಈಸ್ಟ್ ಬೆಂಗಾಲ್ ಗೆದ್ದಿತು. ಒಂದು ಗೋಲಿಗೆ ಒಂದು ಪೀಠ ಕೊಡಬಹುದೇ? ನಾನು ಹಿಂಜರಿಯುತ್ತೇನೆ. ಅಂದು ಮೈದಾನದಲ್ಲಿದ್ದವರನ್ನು ಕೇಳಿದರೆ ಅವರು ಹಿಂಜರಿಯಲಾರರು.

ಇದಕ್ಕಿಂತ ತೊಡಕಿನದು ಮಜೀದ್ ಬಿಸ್ಕರ್ ಅವರ ವಿಚಾರ. ಇರಾನಿನ ಖೊರ್ರಮ್‌ಷಹರಿನವರು, 1978ರ ವಿಶ್ವಕಪ್ಪಿನ ಇರಾನ್ ತಂಡದಲ್ಲಿ ಇದ್ದವರು. ಅಲೀಗಢದ ವಿಶ್ವವಿದ್ಯಾಲಯಕ್ಕೆ ಓದಲು ಬಂದಿದ್ದರು. 1980ರಲ್ಲಿ ಈಸ್ಟ್ ಬೆಂಗಾಲಿನ ಪ್ರಮುಖರು ಅನೇಕರು ಒಟ್ಟಿಗೆ ಸಂಘ ಬಿಟ್ಟುಹೋದರು. ಮೊದಲೇ ಕಲ್ಕತ್ತೆಯಲ್ಲಿ ವರ್ಷಾರಂಭದ ಸಂಘ ಬದಲಾವಣೆಯೆಂದರೆ ಆಟಗಾರರನ್ನು ಬಚ್ಚಿಡುವುದು, ರಾತ್ರೋರಾತ್ರಿ ಸಾಗಿಸುವುದು, ಹೀಗೆ ಪತ್ತೇದಾರಿ ಕತೆಯಂತೆ ನಡೆಯುತ್ತಿದ್ದ ವ್ಯವಹಾರ. ಬರಿದಾದ ಆ ತಂಡಕ್ಕೆ ಮಜೀದರೂ ಅವರ ಗೆಳೆಯ ಜಮ್ಷೀದ್ ನಾಸಿರಿಯೂ ಬಂದು ಸೇರಿದರು. ಆ ವರ್ಷ ಫೆಡರೇಷನ್ ಕಪ್ಪನ್ನು ಮೋಹನ್ ಬಗಾನಿನೊಡನೆ ಹಂಚಿಕೊಳ್ಳುವ ಮಟ್ಟಕ್ಕೆ ತಂಡ ಎದ್ದು ನಿಂತಿತು. ಮಜೀದರು ಅಲ್ಲಿ ಆಡಿದ್ದು ಎರಡೇ ಋತು. ಬಳಿಕ ಮೊಹಮಡನ್ ಸ್ಪೋರ್ಟಿಂಗಿಗೆ ಹೋದರು, ಬದುಕು ಹದಗೆಟ್ಟಿತು, ಸ್ವದೇಶಕ್ಕೆ ಮರಳಿದರು. ನಿಷ್ಠೆಯ ಲೆಕ್ಕದಲ್ಲಿ ಸೊನ್ನೆ. ಆದರೂ 2019ರ ಆಗಸ್ಟಿನಲ್ಲಿ, ಶತಮಾನೋತ್ಸವಕ್ಕೆಂದು ಸಂಘ ಅವರನ್ನು ಕರೆಸಿದಾಗ, ಅವರ ಆಟವನ್ನು ಕಣ್ಣಾರೆ ಕಂಡಿರದ ಹುಡುಗರೂ ಸೇರಿ ಸಾವಿರಾರು ಜನ ಮುತ್ತಿಕೊಂಡರು. ಅವರು ತೊಡುತ್ತಿದ್ದ 12ನೆಯ ಸಂಖ್ಯೆಯ ಅಂಗಿ ಮತ್ತೆ ಎಲ್ಲೆಲ್ಲೂ ಕಾಣಿಸಿತು. ಆಯ್ಕೆ ಸಮಿತಿಯೊಂದು ಕುಳಿತು ಚರ್ಚೆ ಮಾಡುವ ಅಗತ್ಯವೇ ಅಲ್ಲಿ ಉಳಿಯಲಿಲ್ಲ. ತಂದೆ ಮಗನಿಗೆ ಹೇಳಿಕೊಟ್ಟ ಹೆಸರನ್ನು ಗೋಡೆಗೆ ಸೇರಿಸುವುದಷ್ಟೇ ಸಮಿತಿಯ ಕೆಲಸ.

ಭೈಚುಂಗ್ ಭುಟಿಯಾ ವಿಷಯದಲ್ಲಿ ಜಗಳವಾಡುವವರಿದ್ದಾರೆ. ಸಿಕ್ಕಿಮಿನ ಈ ಹುಡುಗ 1993ರಲ್ಲಿ ಈಸ್ಟ್ ಬೆಂಗಾಲಿಗೆ ಬಂದ. 1997ರ ಜುಲೈ 13ರಂದು ಫೆಡರೇಷನ್ ಕಪ್ಪಿನ ಉಪಾಂತ್ಯ ಪಂದ್ಯದಲ್ಲಿ, ಸಾಲ್ಟ್ ಲೇಕ್ ಕ್ರೀಡಾಂಗಣದ ಲಕ್ಷಕ್ಕೂ ಮೀರಿದ ಜನದೆದುರು, ಮೋಹನ್ ಬಗಾನಿನ ಮೇಲೆ ಮೂರು ಗೋಲು ಹೊಡೆದ. 2003ರಲ್ಲಿ ಸುಭಾಷ್ ಭೌಮಿಕರ ತರಬೇತಿಯಲ್ಲಿ ತಂಡ ಜಕಾರ್ತದಲ್ಲಿ ಆಸಿಯಾನ್ ಸಂಘಗಳ ಕಪ್ಪನ್ನು ಗೆದ್ದು ತಂದಾಗಲೂ ಹೆಚ್ಚು ಗೋಲು ಅವನದೇ. ಆದರೆ ಅವನು ಮೋಹನ್ ಬಗಾನಿಗೂ ಆಡಿದ. ಅದನ್ನು ಕ್ಷಮಿಸದವರುಂಟು. ಸಂಬಳಕ್ಕಾಗಿ ದುಡಿಯುವ ಆಟಗಾರ ಎಲ್ಲಿ ಕೆಲಸವಿದೆಯೋ ಅಲ್ಲಿಗೆ ಹೋಗುತ್ತಾನೆ. ಬ್ಯಾಂಕಿನ ಗುಮಾಸ್ತ ಬೇರೆ ಬ್ಯಾಂಕಿಗೆ ಹೋದರೆ ನಾವು ದ್ರೋಹವೆನ್ನುತ್ತೇವೆಯೇ? ನಮ್ಮಲ್ಲಿದ್ದಾಗ ಏನು ಮಾಡಿದ ಎಂಬುದನ್ನು ನೋಡಬೇಕು.

ಹಾಗಾದರೆ ಆಡದೆಯೇ ಇದ್ದವರು? ಪಿ.ಕೆ. ಬ್ಯಾನರ್ಜಿಯವರು ಭಾರತದ ಅತ್ಯುತ್ತಮ ಆಟಗಾರರಲ್ಲೊಬ್ಬರು. ಈಸ್ಟ್ ಬೆಂಗಾಲಿಗೂ ಆಡಲಿಲ್ಲ, ಮೋಹನ್ ಬಗಾನಿಗೂ ಆಡಲಿಲ್ಲ. ಈಸ್ಟರ್ನ್ ರೈಲ್ವೆಯಲ್ಲಿದ್ದು 1958ರಲ್ಲಿ ದೊಡ್ಡ ಸಂಘಗಳನ್ನೆಲ್ಲ ಹಿಂದೆ ಹಾಕಿ ಲೀಗ್ ಗೆಲ್ಲಿಸಿದವರು. 1972ರಲ್ಲಿ ಈಸ್ಟ್ ಬೆಂಗಾಲಿನ ತರಬೇತುದಾರರಾದರು. ಆ ವರ್ಷದ ಲೀಗಿನಲ್ಲಿ ತಂಡ ಒಂದೂ ಗೋಲು ಬಿಟ್ಟುಕೊಡಲಿಲ್ಲ. 1975ರ ಷೀಲ್ಡ್ ಅಂತಿಮ ಪಂದ್ಯದಲ್ಲಿ ಮೋಹನ್ ಬಗಾನ್ ಐದು ಗೋಲಿನಿಂದ ಸೋತಿತು. ಪಂದ್ಯಕ್ಕೆ ಮುಂಚೆ ಅವರು ಆಟಗಾರರಿಗೆ ಕೊಡುತ್ತಿದ್ದ ಮಾತಿನ ಮದ್ದು ಕಲ್ಕತ್ತೆಯಲ್ಲಿ ಗಾದೆಯಂತಾಗಿದೆ. ಆಮೇಲೆ ಅವರು ಎದುರು ಸಂಘಕ್ಕೂ ತರಬೇತಿ ಕೊಟ್ಟರೆಂಬುದು ನನಗೆ ಅಡ್ಡಿಯೆನಿಸುವುದಿಲ್ಲ. ಜ್ಯೋತಿಷ್ ಗುಹರಿಗೂ ಇದೇ ನ್ಯಾಯ: ಪಾಂಡವರಿಗೆ ಪೀಠವಿದ್ದು ಅವರನ್ನು ಕೂಡಿಸಿದಾತನಿಗೆ ಇಲ್ಲವೆಂದರೆ ಹೇಗೆ? ಒಂದು ಎಚ್ಚರಿಕೆ ಮಾತ್ರ ಬೇಕು. ಅಧಿಕಾರದಲ್ಲಿರುವ ಪದಾಧಿಕಾರಿಗಳು ತಮ್ಮ ಹೆಸರನ್ನು ತಾವೇ ಆರಿಸಿಕೊಳ್ಳುವ ಚಪಲಕ್ಕೆ ಅವಕಾಶವಿರಬಾರದು. ಕುರ್ಚಿ ಬಿಟ್ಟು ಹತ್ತು ವರ್ಷವಾದ ಮೇಲೆ ನೋಡಿದರಾಯಿತು. ಆಟಗಾರರ ವಿಷಯದಲ್ಲಿ ಇಷ್ಟು ಕಾಯಬಾರದು. ಅವರು ಕೇಳಿಸಿಕೊಳ್ಳುವಂತೆ, ಕಿವಿ ಇರುವಾಗಲೇ, ಹೆಸರು ಹಿಡಿದು ಕರೆಯಬೇಕು.

ಕಡೆಯದಾಗಿ ಇನ್ನೊಂದು ಪಟ್ಟಿ. 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸ್‌ನಲ್ಲಿ ಈ ಎರಡು ಸಂಘಗಳ ನಡುವೆ ಪಂದ್ಯ. ಕಣದಲ್ಲಿ ಆಟಗಾರರು ಕೈಕೈ ಮಿಲಾಯಿಸಿದರು. ಮೇಲಿನ ಸಾಲುಗಳಲ್ಲಿ ಜನ ಹೊಡೆದಾಡಿದರು. ನೂಕುನುಗ್ಗಲಿನಲ್ಲಿ ಸಿಕ್ಕಿ ಹದಿನಾರು ಮಂದಿ ಪ್ರೇಕ್ಷಕರು ಸತ್ತರು. ಆಟ ನೋಡಲು ಮನೆಯಿಂದ ಹೊರಟವರು. ಪ್ರತಿವರ್ಷ ಆ ದಿನ ಕಲ್ಕತ್ತೆಯಲ್ಲಿ ಅವರ ನೆನಪಿಗೆ ರಕ್ತದಾನ ನಡೆಯುತ್ತದೆ. ಅವರು ಯಾವ ಸಂಘಕ್ಕೂ ಒಂದು ಗೋಲೂ ಹೊಡೆಯಲಿಲ್ಲ. ಆ ಹದಿನಾರು ಹೆಸರುಗಳನ್ನು ಯಾವ ಸಂಘದವರೆಂದು ವಿಂಗಡಿಸದೆ, ಎರಡೂ ಸಂಘಗಳ ಗೋಡೆಗಳ ಮೇಲೆ ಬರೆಯಬಹುದು.