ತೇವ ಕೇಳುವ ಮಸಿ

ಬೆಳಿಗ್ಗೆ 8.10. ರಾತ್ರಿಯಿಂದ ಜಡಿಮಳೆ. ಕಪ್ಪು ಕಲ್ಲಿನ ಮೇಲೆ ನಾಲ್ಕು ಹನಿ ನೀರು ಬಿಟ್ಟು, ಜಪಾನಿನ ಮಸಿಕಡ್ಡಿಯನ್ನು ಗಂಧ ತೇಯುವ ಹಾಗೆ ತೇಯುತ್ತಿದ್ದೇನೆ. ಒತ್ತಬಾರದು, ಕಡ್ಡಿಯ ಭಾರವೇ ಸಾಕು. ನೀರು ಮೊದಲು ಬೂದಿಬಣ್ಣಕ್ಕೆ ತಿರುಗಿತು. ಕಾಲು ಗಂಟೆ ಕಳೆದ ಮೇಲೆ ಎಣ್ಣೆಯಂತೆ ಮೆಲ್ಲಗೆ ಸರಿಯತೊಡಗಿತು. ಕರ್ಪೂರದ ನೆನಪು ತರುವ ವಾಸನೆ.

ಒಂದು ಗೆರೆ ಎಳೆದೆ. ಅಂಚು ಪಾಚಿಯಂತೆ ಕಾಗದದೊಳಗೆ ಹಬ್ಬುತ್ತಿದೆ. ಮಾರ್ಚ್ ತಿಂಗಳ ಒಣ ಮಧ್ಯಾಹ್ನ ಎಳೆದಿದ್ದ ಗೆರೆಯನ್ನು ಪಕ್ಕಕ್ಕಿಟ್ಟು ನೋಡಿದರೆ ಅದು ಬಿದ್ದಲ್ಲೇ ಬಿಗಿದುಕೊಂಡಿದೆ.

ಜಪಾನಿನ ಮಸಿ ಕಲಾವಿದೆ ಟೋಕೋ ಶಿನೋಡಾ (1913–2021) ಈ ವ್ಯತ್ಯಾಸವನ್ನು ದೊಡ್ಡ ಬೆಲೆ ಕೊಟ್ಟು ಕಂಡುಕೊಂಡರು. ಅವರು 1956ರಲ್ಲಿ ನ್ಯೂಯಾರ್ಕಿಗೆ ಹೋದರು. ಅಮೂರ್ತ ಚಿತ್ರಕಲೆ ಅಲ್ಲಿ ಉಕ್ಕಿ ಹರಿಯುತ್ತಿದ್ದ ಕಾಲ. ಆದರೆ ಅಲ್ಲಿನ ಒಣ ಹವೆಯಲ್ಲಿ ಮಸಿ ಬೇಗ ಆರಿಹೋಗುತ್ತಿತ್ತು. ಎರಡು ವರ್ಷಕ್ಕೆ ಜಪಾನಿಗೆ ಮರಳಿದ್ದಕ್ಕೆ ಅದೂ ಒಂದು ಕಾರಣ. ಗಿಡದ ಜೊತೆ ಅದರ ಹವೆಯನ್ನೂ ಗಂಟು ಕಟ್ಟಿ ಒಯ್ಯಲಾಗುತ್ತದೆಯೇ?

ಮಸಿಯೂ ಋತು ನೋಡಿ ಹುಟ್ಟುವಂಥದ್ದು. ಜಪಾನಿನ ನಾರಾ ಪಟ್ಟಣದಲ್ಲಿ 1577ರಿಂದ ಮಸಿ ಮಾಡುತ್ತ ಬಂದಿರುವ ಕೋಬೈಎನ್ ಎಂಬ ಮನೆತನದ ಅಂಗಡಿಯಿದೆ. ಎಣ್ಣೆ ದೀಪದ ಮೇಲೆ ಮಣ್ಣಿನ ಮುಚ್ಚಳ ಕವುಚಿ ಅಲ್ಲಿ ಹಿಡಿಯುವುದು ನಮ್ಮ ಅಜ್ಜಿಯರು ಹಿಡಿಯುತ್ತಿದ್ದ ಕಾಡಿಗೆಯನ್ನೇ. ಅದಕ್ಕೆ ಪ್ರಾಣಿಗಳ ಚರ್ಮ ಬೇಯಿಸಿ ತೆಗೆದ ಅಂಟು ಬೆರೆಸಿ ನಾದುತ್ತಾರೆ. ಸೆಕೆಯಲ್ಲಿ ಅಂಟು ಕೊಳೆಯುತ್ತದೆ, ಹಾಗಾಗಿ ನಾದುವ ಕೆಲಸವೆಲ್ಲ ಚಳಿಗಾಲದಲ್ಲೇ. ಹಸಿ ಕಡ್ಡಿಯನ್ನು ಬೂದಿಯಲ್ಲಿ ಹೂತು, ದಿನದಿನಕ್ಕೂ ಹೆಚ್ಚು ಒಣಗಿದ ಬೂದಿಗೆ ಬದಲಿಸುತ್ತ ಹೋಗುತ್ತಾರೆ. ಅವಸರ ಮಾಡಿದರೆ ಬಿರುಕು.

ಕಾಗದದ ಕಥೆಯೂ ಅಷ್ಟೆ. ಅದಕ್ಕೆ ನಾರು ಕೊಡುವ ಕೋಜೋ ಗಿಡ ಹಿಪ್ಪುನೇರಳೆಯ ಬಂಧು. ಅದರ ತೊಗಟೆಯ ನಾರು ನೀರಿನಲ್ಲಿ ತಳ ಸೇರದಂತೆ ತಡೆಯುವುದು ಬೆಂಡೆಯ ಹತ್ತಿರದ ನೆಂಟ ತೊರೊರೊ-ಅಓಯಿ ಗಿಡದ ಬೇರಿನ ಲೋಳೆ. ಸೆಕೆಗೆ ಆ ಲೋಳೆ ನೀರಾಗಿಬಿಡುತ್ತದೆ. ಕಾಗದವೂ ಚಳಿಯ ಕೂಸೇ.

ಊರಿಗೆ ಮರಳಿದ ಶಿನೋಡಾ ಕಲ್ಲಚ್ಚಿಗೆ (ಲಿಥೋಗ್ರಫಿ) ಕೈ ಹಾಕಿದ್ದು ನನಗೆ ಬಹಳ ಹಿಡಿಸಿದ ಸಂಗತಿ. ಕುಂಚದ ಮಸಿಗೆ ನೀರೇ ಜೀವ. ಕಲ್ಲಚ್ಚಿನಲ್ಲಿ ಶಾಯಿ ಜಿಡ್ಡಿಗೆ ಅಂಟುತ್ತದೆ, ನೀರು ಕಂಡಲ್ಲಿ ದೂರ ಸರಿಯುತ್ತದೆ. ಎಣ್ಣೆ-ಸೀಗೆಕಾಯಿಯಂಥ ಇವೆರಡನ್ನೂ ಅವರು ಒಂದೇ ಹಾಳೆಗೆ ತಂದರು. ಹಾಳೆ ಅಚ್ಚಾಗಿ ಬಂದ ಮೇಲೆ ಎಷ್ಟೋ ಪ್ರತಿಗಳಲ್ಲಿ ಒಂದೆರಡು ಗೆರೆಯನ್ನು ಕುಂಚ ಹಿಡಿದು ತಾವೇ ಎಳೆಯುತ್ತಿದ್ದರು. ಅಚ್ಚಿನ ಭಾಗ ಎಲ್ಲ ಪ್ರತಿಯಲ್ಲೂ ಒಂದೇ, ಕೈಗೆರೆ ಮಾತ್ರ ಒಂದೊಂದರಲ್ಲಿ ಒಂದೊಂದು ಥರ. ಎಲೆಗಳನ್ನು ಹೋಲಿಸಿ ನೋಡುವ ಅಭ್ಯಾಸವಿದ್ದವರಿಗೆ ಇಲ್ಲಿ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಜಪಾನಿ ಬರಹದಲ್ಲಿ ನದಿ ಎಂಬ ಅಕ್ಷರಕ್ಕೆ ಮೂರೇ ಉದ್ದ ಗೆರೆ. ಚಿಕ್ಕಂದಿನಿಂದ ಅಕ್ಷರ ತಿದ್ದಿದ ಶಿನೋಡಾರಿಗೆ ಮೂರಕ್ಕೆ ನಿಲ್ಲಲು ಮನಸ್ಸಾಗಲಿಲ್ಲವಂತೆ. ಹೊಳೆ ನೋಡಿದವರು ಯಾರು ತಾನೇ ಮೂರಕ್ಕೆ ನಿಂತಾರು!

9.40. ಮಳೆ ಬಿಟ್ಟಿದೆ, ಕಿಟಕಿಯಲ್ಲಿ ಬಿಸಿಲು. ಕಲ್ಲಿನ ಅಂಚಿನ ಮಸಿ ಹೊಪ್ಪಳೆಗಟ್ಟುತ್ತಿದೆ. ಗಟ್ಟಿಯಾಗುವ ಮುಂಚೆ ತೊಳೆದಿಡಬೇಕು.