ಡ್ರೋನ್ ಬ್ಯಾಟರಿಯಲ್ಲಿ ಸೊರಗಿದ ಸೆಲ್: ಗುರುತಿಸುವುದು ಹೇಗೆ, ಮಾಡಬೇಕಾದುದೇನು?

ಅಡಿಕೆ ಮರ ಹತ್ತಿ ಔಷಧಿ ಹೊಡೆಯುವವರು ಸಿಗುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿದೆ. ಮಲೆನಾಡಿನಲ್ಲಿ ಎಲೆಚುಕ್ಕಿ ರೋಗದ ಹಾವಳಿ ಹೆಚ್ಚಿದ ಮೇಲೆ ಸೋಗೆಯ ಮೇಲ್ಭಾಗಕ್ಕೆ ಔಷಧಿ ತಲುಪಿಸಲು ಡ್ರೋನ್ ಯಂತ್ರದ ಮೊರೆಹೋಗುವವರು ಹೆಚ್ಚಿದ್ದಾರೆ. ನಮ್ಮ ಸೋಮನಾಥಪುರದ ಸುತ್ತಮುತ್ತ, ತಿರುಮಕೂಡಲು ನರಸೀಪುರ ಮತ್ತು ನಂಜನಗೂಡು ತಾಲ್ಲೂಕುಗಳ ನಾಲೆ ಬಯಲಿನಲ್ಲಿಯೂ ಇದರ ಸದ್ದು ಹೊಸದಲ್ಲ. ಸೋಗೆಯ ಕೆಳಗೆ ಅವಿತಿರುವ ಗೊನೆಗೆ ಮೇಲಿನಿಂದ ಬೀಳುವ ಔಷಧಿ ಸರಿಯಾಗಿ ತಾಗುವುದಿಲ್ಲವಾದ್ದರಿಂದ ಕೊಳೆರೋಗಕ್ಕೆ ಇದೊಂದನ್ನೇ ನಂಬುವಂತಿಲ್ಲ; ಆ ವಿಚಾರ ಬೇರೆ. ಇಲ್ಲಿ ನಾವು ಹೇಳಹೊರಟಿರುವುದು ಯಂತ್ರದ ಬ್ಯಾಟರಿಯನ್ನು ಕುರಿತು.

ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಒದಗಿಸುವ 'ನಮೋ ಡ್ರೋನ್ ದೀದಿ' ಯೋಜನೆಗೆ ಕೇಂದ್ರ ಸರ್ಕಾರ 2023ರ ನವೆಂಬರ್‌ನಲ್ಲಿ ಒಪ್ಪಿಗೆ ನೀಡಿತು. ವೆಚ್ಚದ ಶೇ. 80 ಭಾಗ, ಗರಿಷ್ಠ 8 ಲಕ್ಷ ರೂಪಾಯಿವರೆಗೆ, ಸಹಾಯಧನವೆಂದು ಗೊತ್ತುಪಡಿಸಲಾಯಿತು. ಒಂದು ಯಂತ್ರದ ಜೊತೆಗೆ ಹೆಚ್ಚುವರಿಯಾಗಿ ನಾಲ್ಕು ಸೆಟ್ ಬ್ಯಾಟರಿ ಕೊಡುವ ಏರ್ಪಾಟು ಅದರಲ್ಲಿತ್ತು. ಇದೇಕೆಂದು ಯೋಚಿಸಬೇಕು. ಒಮ್ಮೆ ಚಾರ್ಜು ಮಾಡಿದ ಬ್ಯಾಟರಿ ಔಷಧಿಯ ಭಾರ ಹೊತ್ತು ಹಾರುವುದು ಕೆಲವೇ ನಿಮಿಷ. ದಿನವಿಡೀ ಕೆಲಸ ಸಾಗಬೇಕಾದರೆ ಸೆಟ್‌ಗಳನ್ನು ಸರದಿಯಲ್ಲಿ ದುಡಿಸಬೇಕು. ಹೀಗೆ ದುಡಿದು ಬೇಗ ಸವೆಯುವ, ದುಬಾರಿ ಬೆಲೆಯ ಭಾಗವೆಂದರೆ ಬ್ಯಾಟರಿಯೇ.

ಒಟ್ಟು ಮೊತ್ತ ಹೇಳದ ಸಂಗತಿ

ಡ್ರೋನಿನ ಬ್ಯಾಟರಿ ಒಂದೇ ವಸ್ತುವಿನಂತೆ ಕಂಡರೂ ಅದರೊಳಗೆ ಹಲವು ಸೆಲ್‌ಗಳು ಸಾಲಾಗಿ, ಒಂದರ ಬಾಲಕ್ಕೆ ಇನ್ನೊಂದರ ತಲೆ ಕೂಡಿದಂತೆ ಜೋಡಣೆಯಾಗಿರುತ್ತವೆ. ಸಾಮಾನ್ಯ ಲಿಥಿಯಂ ಪಾಲಿಮರ್ ಸೆಲ್ ಒಂದರ ಸರಾಸರಿ ಬಲ 3.7 ವೋಲ್ಟ್, ಪೂರ್ಣ ತುಂಬಿದಾಗ 4.2 ವೋಲ್ಟ್. ಔಷಧಿ ಹೊಡೆಯುವ ಯಂತ್ರಗಳಲ್ಲಿ 12 ಸೆಲ್‌ಗಳ ಜೋಡಣೆ ಸಾಮಾನ್ಯ. ಆರಾರು ಸೆಲ್‌ಗಳ ಎರಡು ಬ್ಯಾಟರಿ ಸೇರಿಸಿದರೂ ಲೆಕ್ಕ ಅದೇ: ತುಂಬಿದಾಗ 50.4 ವೋಲ್ಟ್.

ಈಗ ಒಂದು ಲೆಕ್ಕ ನೋಡೋಣ. ಹನ್ನೆರಡು ಸೆಲ್‌ಗಳೂ 3.85 ವೋಲ್ಟ್ ಇದ್ದರೆ ಒಟ್ಟು 46.2 ವೋಲ್ಟ್ ಆಗುತ್ತದೆ. ಇದು ಆರೋಗ್ಯವಂತ ಬ್ಯಾಟರಿ. ಇನ್ನೊಂದರಲ್ಲಿ ಹನ್ನೊಂದು ಸೆಲ್‌ಗಳು 3.90 ವೋಲ್ಟ್, ಒಂದು ಮಾತ್ರ 3.40 ವೋಲ್ಟ್ ಇವೆ ಎನ್ನಿ. ಒಟ್ಟು 46.3 ವೋಲ್ಟ್! ಮೊತ್ತ ಮಾತ್ರ ನೋಡುವವನಿಗೆ ಎರಡನೆಯದೇ ಕೂದಲೆಳೆಯಷ್ಟು ಮೇಲು. ಆದರೆ ಹಾರಾಟಕ್ಕೆ ಹೊರಟರೆ ಆ ಒಂದು ಸೆಲ್ ಭಾರ ತಡೆಯಲಾರದೆ ಬಹುಬೇಗ 3 ವೋಲ್ಟಿಗಿಂತ ಕೆಳಗಿಳಿಯುತ್ತದೆ. ಅಲ್ಲಿಂದ ಮುಂದೆ ಅದಕ್ಕೆ ಒಳಗಿಂದೊಳಗೇ ಕೇಡು; ಬಲ ಏಕಾಏಕಿ ಕುಸಿಯಬಹುದು.

ಹಾಲಿನ ಸೊಸೈಟಿಯಲ್ಲಿ ಕ್ಯಾನಿನ ಹಾಲನ್ನು ಒಟ್ಟಾಗಿ ಅಳೆದು ಸುಮ್ಮನಾಗುವುದಿಲ್ಲವಷ್ಟೆ. ಒಬ್ಬೊಬ್ಬರ ಹಾಲನ್ನೂ ಬೇರೆಬೇರೆಯಾಗಿ ಪರೀಕ್ಷಿಸುವುದೇಕೆ? ಹತ್ತು ಮನೆಯ ಗಟ್ಟಿ ಹಾಲಿನಲ್ಲಿ ಒಂದು ಮನೆಯ ನೀರು ಮರೆಯಾಗುತ್ತದೆ ಎಂದೇ. ಬ್ಯಾಟರಿಯ ವಿಷಯವೂ ಹಾಗೆಯೇ: ಸೆಲ್ ಸೆಲ್ಲನ್ನೂ ಬಿಡಿಯಾಗಿ ನೋಡಬೇಕು.

ಗದ್ದೆಯ ಮೇಲೆ ಬಲ ಕುಂದಿದ ಯಂತ್ರವನ್ನು ಪಕ್ಕದ ಬದುವಿನ ಮೇಲಾದರೂ ಇಳಿಸಬಹುದು. ಅಡಿಕೆಯ ತಲೆಗಳ ಮೇಲೆ, ಕಾಫಿ ತೋಟದ ನೆರಳುಮರಗಳ ಮೇಲೆ ಇಳಿಯಲು ತಾಣವಿಲ್ಲ. ಯಂತ್ರವೂ ಹೋಯಿತು, ಕೆಳಗೆ ಕೆಲಸದವರಿದ್ದರೆ ಅವರ ಗತಿಯೇನು?

ಚಾರ್ಜು ಮಾಡುವಾಗಲೂ ಅಪಾಯವಿದೆ. ಮೊತ್ತವನ್ನು ಮಾತ್ರ ನೋಡುವ ಚಾರ್ಜರ್ 50.4 ವೋಲ್ಟ್ ಬರುವತನಕ ತುಂಬುತ್ತದೆ. ಒಂದು ಸೆಲ್ 3.95ರಲ್ಲೇ ನಿಂತಿದ್ದರೆ ಉಳಿದ ಹನ್ನೊಂದು 4.22ಕ್ಕೆ ಏರಿರುತ್ತವೆ, ಅಂದರೆ ಮಿತಿ ಮೀರಿರುತ್ತವೆ. ಬ್ಯಾಟರಿ ಉಬ್ಬುವುದಕ್ಕೂ ಬೆಂಕಿ ಹೊತ್ತುವುದಕ್ಕೂ ಇಂತಹ ಮಿತಿಮೀರಿದ ತುಂಬುವಿಕೆ ಒಂದು ಮುಖ್ಯ ಕಾರಣ.

ಪರೀಕ್ಷೆಯ ಕ್ರಮ

1. ಹಾರಾಟ ಮುಗಿದ ಕೂಡಲೇ ಅಳೆಯಬೇಡಿ. ಬ್ಯಾಟರಿಯನ್ನು ನೆರಳಿನಲ್ಲಿಟ್ಟು ಅರ್ಧ ಗಂಟೆಯಾದರೂ ತಣಿಯಲು ಬಿಡಿ. ಬಿಸಿ ಬ್ಯಾಟರಿಯನ್ನು ಚಾರ್ಜಿಗೂ ಹಾಕಬಾರದು.

2. ದಪ್ಪ ತಂತಿಗಳಲ್ಲದೆ ಸಣ್ಣ ತಂತಿಗಳ ಬಿಳಿಯ ಪ್ಲಗ್ಗೊಂದು ಇರುತ್ತದೆ. ಇದಕ್ಕೆ ಬ್ಯಾಲೆನ್ಸ್ ಪ್ಲಗ್ ಎನ್ನುತ್ತಾರೆ. ಆರು ಸೆಲ್ಲಿಗೆ ಏಳು ತಂತಿ. ಸೆಲ್ ಚೆಕರ್ ಎಂಬ ಸಣ್ಣ ಉಪಕರಣವನ್ನು ಇದಕ್ಕೆ ಸಿಕ್ಕಿಸಿದರೆ ಪ್ರತಿ ಸೆಲ್ಲಿನ ವೋಲ್ಟ್ ತೋರಿಸುತ್ತದೆ. ಒಳಗೇ ನಿಯಂತ್ರಣದ ಸರ್ಕ್ಯೂಟ್ ಉಳ್ಳ 'ಸ್ಮಾರ್ಟ್' ಬ್ಯಾಟರಿಯಾದರೆ ಇವೇ ಅಂಕಿಗಳನ್ನು ಮೊಬೈಲ್ ಆ್ಯಪ್‌ನಲ್ಲಿ ನೋಡಬಹುದು, ಅದನ್ನು ಬಿಚ್ಚಕೂಡದು.

3. ಅತಿ ಹೆಚ್ಚಿನ ಮತ್ತು ಅತಿ ಕಡಿಮೆ ಸೆಲ್‌ಗಳ ನಡುವಣ ಅಂತರವನ್ನು ಬರೆದುಕೊಳ್ಳಿ. ತಣಿದ ಬ್ಯಾಟರಿಯಲ್ಲಿ 0.02 ವೋಲ್ಟ್ ಅಂತರಕ್ಕೆ ಚಿಂತೆಯಿಲ್ಲ. 0.05 ಆದರೆ ಸಮತೂಕಕ್ಕೆ ತರಬೇಕು. 0.1 ಅಥವಾ ಹೆಚ್ಚಾದರೆ ಹಾರಿಸಬಾರದು. ಇದು ಸಾಮಾನ್ಯ ಅಂದಾಜು. ಯಂತ್ರದ ಕೈಪಿಡಿ ಬೇರೆ ಮಿತಿ ಹೇಳಿದ್ದರೆ ಅದನ್ನೇ ಪಾಲಿಸಬೇಕು.

4. ಒಂದು ಸೆಲ್ ತೀರಾ ಕಡಿಮೆ, ಅದರ ಪಕ್ಕದ್ದು 4.2ಕ್ಕಿಂತ ಬಹಳ ಹೆಚ್ಚು ತೋರಿದರೆ ಸೆಲ್ಲನ್ನು ದೂರುವ ಮೊದಲು ತಂತಿಯನ್ನು ನೋಡಿ. ಎರಡು ಸೆಲ್‌ಗಳ ನಡುವಿನ ಸಣ್ಣ ತಂತಿ ಕಡಿದಿದ್ದರೆ, ಅಥವಾ ಪ್ಲಗ್ಗಿನ ಪಿನ್ನಿಗೆ ಹಸಿರು ಕಿಲುಬು ಹಿಡಿದಿದ್ದರೆ ಹೀಗೆ ಸುಳ್ಳು ಲೆಕ್ಕ ಬರುತ್ತದೆ. ಮೈಲುತುತ್ತದ ದ್ರಾವಣದ ಕೈಯಲ್ಲಿ ಪ್ಲಗ್ ಮುಟ್ಟುವ ಅಭ್ಯಾಸವನ್ನು ಬಿಡಬೇಕು.

ಹಸಿವೋ, ರೋಗವೋ?

ಸೆಲ್ ಹಿಂದೆ ಬೀಳುವುದಕ್ಕೆ ಎರಡು ಬಗೆಯ ಕಾರಣಗಳಿವೆ. ಹಸಿದು ಮಲಗಿದ ಎತ್ತು ಮೇವು ತಿಂದರೆ ಏಳುತ್ತದೆ. ಕಾಲು ಮುರಿದ ಎತ್ತಿನ ಮುಂದೆ ಹುಲ್ಲು ರಾಶಿ ಹಾಕಿದರೂ ನೊಗಕ್ಕೆ ಬಾರದು. ನಮ್ಮ ಸೆಲ್ ಯಾವ ಬಗೆಯದೆಂದು ತಿಳಿಯುವುದೇ ಇಡೀ ಪರೀಕ್ಷೆಯ ತಿರುಳು.

ಮೊದಲು ಬ್ಯಾಲೆನ್ಸ್ ಪ್ಲಗ್ ಸಿಕ್ಕಿಸಿ, ಬ್ಯಾಲೆನ್ಸ್ ಕ್ರಮದಲ್ಲಿಯೇ ನಿಧಾನವಾಗಿ ಚಾರ್ಜು ಮಾಡಿ. 22,000 ಮಿಲಿ ಆಂಪಿಯರ್ ಗಂಟೆಯ ಬ್ಯಾಟರಿಗೆ 11 ಆಂಪಿಯರ್ ಮೀರದಿರಲಿ. ಚಾರ್ಜರ್ ಮುಂದೆ ಹೋದ ಸೆಲ್‌ಗಳಿಂದ ಸ್ವಲ್ಪ ಸ್ವಲ್ಪವೇ ವಿದ್ಯುತ್ತನ್ನು ಸೋರಿಸಿ ಹಿಂದಿನದಕ್ಕೆ ಸರಿದೂಗಿಸುತ್ತದೆ. ಈ ಕೆಲಸ ನಿಧಾನ. ಇಂತಹ ಬ್ಯಾಟರಿಯಲ್ಲಿ ಒಂದು ಸೆಲ್ ಶೇ. 5ರಷ್ಟು ಹಿಂದಿದ್ದರೆ ವ್ಯತ್ಯಾಸ 1.1 ಆಂಪಿಯರ್ ಗಂಟೆ. ಅರ್ಧ ಆಂಪಿಯರಿನಂತೆ ಸರಿದೂಗಿಸುವ ಚಾರ್ಜರಿಗೆ ಎರಡು ಗಂಟೆಗೂ ಮೇಲೆ ಬೇಕು. ತೋಟದ ಬದಿಯಲ್ಲಿ ಜನರೇಟರ್ ಇಟ್ಟು ಅವಸರದಿಂದ ಚಾರ್ಜು ಮಾಡುವವರು ಇದನ್ನು ನೆನಪಿಡಬೇಕು. ಅವಸರದ ಚಾರ್ಜು ದಿನವೂ ನಡೆದರೆ ಅಂತರ ದಿನವೂ ಬೆಳೆಯುತ್ತದೆ.

ಎಲ್ಲ ಸೆಲ್‌ಗಳೂ ಸಮನಾದ ಮೇಲೆ ಒಂದು ರಾತ್ರಿ ಹಾಗೆಯೇ ಬಿಟ್ಟು ಬೆಳಿಗ್ಗೆ ಅಳೆಯಿರಿ. ಸಮನಾಗಿಯೇ ಇದ್ದರೆ ಅದು ಹಸಿವು. ಉಳಿದವು ನಿಂತಲ್ಲೇ ನಿಂತು ಅದೇ ಸೆಲ್ ಮತ್ತೆ ಇಳಿದಿದ್ದರೆ ಒಳಗೆ ಸೋರಿಕೆಯಿದೆ ಎಂದರ್ಥ, ಅದು ರೋಗ. ಬೆಳಿಗ್ಗೆ ಸಮನಿದ್ದ ಬ್ಯಾಟರಿಯನ್ನು ಟ್ಯಾಂಕ್ ಖಾಲಿಯಿಟ್ಟು, ಬಯಲು ಜಾಗದಲ್ಲಿ, ಜನರಿಂದ ದೂರದಲ್ಲಿ, ತಗ್ಗಿನಲ್ಲಿ ಕೆಲವು ನಿಮಿಷ ಹಾರಿಸಿ ಇಳಿಸಿ ನೋಡಬೇಕು. ಅದೇ ಸೆಲ್ ಎಲ್ಲಕ್ಕಿಂತ ಮೊದಲು ಕುಸಿದರೆ ಅದರ ಹಿಡಿತವೇ ಕುಗ್ಗಿದೆ. ಒಳ್ಳೆಯ ಚಾರ್ಜರ್‌ಗಳು ಪ್ರತಿ ಸೆಲ್ಲಿನ ಒಳರೋಧವನ್ನೂ ತೋರಿಸುತ್ತವೆ. ಒಂದರದು ಮಾತ್ರ ಉಳಿದವುಗಳ ಎರಡರಷ್ಟಿದ್ದರೆ ಸಂಶಯ ಉಳಿಯದು. ರೋಗದ ಸೆಲ್ಲಿಗೆ ಮದ್ದಿಲ್ಲ; ಆ ಬ್ಯಾಟರಿಯನ್ನು ಕೆಲಸದಿಂದ ಬಿಡಿಸಬೇಕು.

'ಕೆಟ್ಟದ್ದು ಒಂದೇ ತಾನೆ, ಅದನ್ನು ಕಿತ್ತು ಹಳೆಯ ಬ್ಯಾಟರಿಯ ಸೆಲ್ ಹಾಕಬಾರದೇ?' ಎಂದು ಕೇಳುವವರಿದ್ದಾರೆ. ಹಾಕಬಾರದು. ಬೇರೆ ವಯಸ್ಸಿನ ಸೆಲ್ ಉಳಿದವುಗಳ ಜೊತೆ ಹೆಜ್ಜೆ ಹಾಕದು. ಬಿಚ್ಚುವಾಗ ಕೈ ತಪ್ಪಿ ಎರಡು ತಂತಿ ತಾಗಿದರೆ ಬೆಂಕಿ. 3 ವೋಲ್ಟಿಗಿಂತ ಬಹಳ ಕೆಳಗಿಳಿದ ಸೆಲ್ಲಿಗೆ ಕಾರಿನ ಬ್ಯಾಟರಿಯಿಂದ ಜೀವ ತುಂಬಲು ಹೋಗುವುದೂ ಬೇಡ. ಉಬ್ಬಿದ ಬ್ಯಾಟರಿಗೆ ಸೂಜಿ ಚುಚ್ಚುವುದಂತೂ ಖಂಡಿತ ಕೂಡದು.

ಹಂಗಾಮು ಮುಗಿದ ಮೇಲೆ

ತೋಟಗಾರರ ಬ್ಯಾಟರಿಗಳು ದುಡಿಮೆಯಿಂದ ಹಾಳಾಗುವಂತೆಯೇ ವಿಶ್ರಾಂತಿಯಲ್ಲೂ ಹಾಳಾಗುತ್ತವೆ. ಔಷಧಿ ಹೊಡೆಯುವ ಕಾಲ ಮುಗಿದ ಮೇಲೆ ಪೂರ್ಣ ತುಂಬಿಸಿ ತಿಂಗಳುಗಟ್ಟಲೆ ಶೀಟಿನ ಶೆಡ್ಡಿನ ಸೆಕೆಯಲ್ಲಿಟ್ಟರೂ ಕೇಡು, ಬರಿದು ಮಾಡಿಟ್ಟರೂ ಕೇಡು. ಸೆಲ್ ಒಂದಕ್ಕೆ 3.80ರಿಂದ 3.85 ವೋಲ್ಟಿನಲ್ಲಿ, ತಂಪಾದ ಒಣ ಜಾಗದಲ್ಲಿ ಇಡಬೇಕು. ತಿಂಗಳಿಗೊಮ್ಮೆ ಅಳೆಯಬೇಕು.

ಚಾರ್ಜು ಮಾಡುವ ಜಾಗ ಗೋಣಿಚೀಲ, ಅಡಿಕೆ ಸಿಪ್ಪೆ, ಒಣಸೋಗೆ, ಡೀಸೆಲ್‌ಗಳಿಂದ ದೂರವಿರಲಿ. ಸಿಮೆಂಟ್ ನೆಲದ ಮೇಲೆ, ಒಬ್ಬರ ಕಣ್ಣಳತೆಯಲ್ಲಿಯೇ ನಡೆಯಲಿ. ರಾತ್ರಿ ಹಾಕಿ ಮಲಗುವ ಪದ್ಧತಿ ಬೇಡ. ಹೊಗೆ ಕಂಡರೆ ಜನರನ್ನು ದೂರ ಸರಿಸಿ. ಆ ಹೊಗೆ ವಿಷಕಾರಿ. ಕೆಲಸದಿಂದ ಬಿಡಿಸಿದ ಬ್ಯಾಟರಿಯನ್ನು ತಿಪ್ಪೆಗೋ ನಾಲೆಗೋ ಎಸೆಯಬಾರದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳ ಸಂಗ್ರಹ ಮತ್ತು ವಿಲೇವಾರಿ ಉತ್ಪಾದಕರ ಹೊಣೆ. ಮಾರಿದವರನ್ನು ಕೇಳಿ ಹಿಂದಿರುಗಿಸಿ.

ಸದಸ್ಯರಲ್ಲಿ ಮನವಿ

ಸ್ವಂತ ಯಂತ್ರವಿರುವವರು ಪ್ರತಿ ಬ್ಯಾಟರಿಗೂ ಒಂದು ನಂಬರು ಬರೆದು, ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ಹಾರಾಟದ ಮೊದಲಿನ ಮತ್ತು ನಂತರದ ಸೆಲ್ ಅಂಕಿಗಳನ್ನು ದಾಖಲಿಸಬೇಕು. ಮೂರು ನಾಲ್ಕು ವಾರಗಳಲ್ಲಿ ಹಿಂದೆ ಬೀಳುತ್ತಿರುವ ಸೆಲ್ ಯಾವುದೆಂದು ಪುಸ್ತಕವೇ ಹೇಳುತ್ತದೆ. ಬಾಡಿಗೆಗೆ ಕರೆಸುವವರು ಎಕರೆಗೆ ಎಷ್ಟು ಎಂದು ಚೌಕಾಸಿ ಮಾಡುವುದರ ಜೊತೆಗೆ, ಯಂತ್ರ ಮೇಲೇಳುವ ಮೊದಲು ಚಾಲಕರ ಪ್ರಮಾಣಪತ್ರವನ್ನೂ ಬ್ಯಾಟರಿಯ ಸೆಲ್ ಅಂಕಿಗಳನ್ನೂ ತೋರಿಸುವಂತೆ ಕೇಳಬೇಕು. ಹೀಗೆ ಕೇಳುವುದರಲ್ಲಿ ಸಂಕೋಚವೇನೂ ಬೇಡ. ಯಂತ್ರ ಹಾರುವುದು ನಮ್ಮ ಮರಗಳ ಮೇಲೆ, ಕೆಳಗೆ ನಿಲ್ಲುವವರು ನಮ್ಮ ಜನ. ಒಟ್ಟು ವೋಲ್ಟ್ ಚೆನ್ನಾಗಿದೆ ಎಂಬ ಉತ್ತರ ಬಂದರೆ ಒಪ್ಪದೆ, ಒಂದೊಂದು ಸೆಲ್ಲಿನ ಲೆಕ್ಕವನ್ನೂ ಕೇಳಿ ಪಡೆಯಬೇಕೆಂದು ಕೋರುತ್ತೇವೆ.